ಒಪೆರಾ ರಂಗದಲ್ಲಿ ಪಾತ್ರ ಮತ್ತು ವರ್ಣ: ಸೊಪ್ರಾನೊ ಲಿಯಂಟೀನ್ ಪ್ರೈಸ್ ಅವರ ವೃತ್ತಿಜೀವನ

ಪಾಶ್ಚಾತ್ಯ ಸಂಗೀತದ ಪ್ರಕಾರಗಳಲ್ಲಿ ಒಪೆರಾ ನಮ್ಮ ಓದುಗರಿಗೆ ಹೆಸರಿನಿಂದ ಪರಿಚಿತ, ಅನುಭವದಿಂದ ಅಪರಿಚಿತ. ಅದನ್ನು ಗೀತನಾಟಕವೆಂದು ಕರೆದು ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಈ ಅನುವಾದ ತಪ್ಪಲ್ಲ. ಆದರೆ ಒಪೆರಾದಲ್ಲಿ ಕಂಠಕ್ಕೂ ಪಾತ್ರಕ್ಕೂ ಇರುವ ವಿಲಕ್ಷಣ ಸಂಬಂಧವನ್ನು ಅದು ಸೂಚಿಸುವುದಿಲ್ಲ. ಅಲ್ಲಿ ಪಾತ್ರಗಳನ್ನು ಹಂಚುವುದು ಮೊದಲು ಕಂಠವನ್ನು ಕೇಳಿ. ಮುಖ, ವಯಸ್ಸು, ಮೈಕಟ್ಟುಗಳ ಪ್ರಶ್ನೆ ಅನಂತರದ್ದು. ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ ಕೃತಿಯ ನಾಯಕಿ 15 ವರ್ಷದ ಜಪಾನೀ ಬಾಲೆ. ಆ ಪಾತ್ರವನ್ನು ನಡುವಯಸ್ಸಿನ ಯುರೋಪಿಯನ್ ಗಾಯಕಿಯರು ಹಾಡುತ್ತ ಬಂದಿದ್ದಾರೆ. ವರ್ದಿಯ ‘ಐದಾ’ ಕೃತಿಯ ನಾಯಕಿ ಇಥಿಯೋಪಿಯದ ರಾಜಕುಮಾರಿ. ಯುರೋಪಿನ ಗಾಯಕಿಯರು ಮುಖಕ್ಕೂ ತೋಳುಗಳಿಗೂ ಕಂದು ಬಣ್ಣ ಬಳಿದುಕೊಂಡು ದಶಕಗಳ ಕಾಲ ಅವಳಾಗಿ ನಿಂತರು. ಪ್ರೇಕ್ಷಕರು ಇದನ್ನೆಲ್ಲ ಯಾವ ಮುಜುಗರವೂ ಇಲ್ಲದೆ ಒಪ್ಪಿಕೊಂಡರು.

ಆದರೆ ಈ ಔದಾರ್ಯ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಬಿಳಿಯ ಗಾಯಕಿ ಇಥಿಯೋಪಿಯದವಳಾಗಬಹುದಾಗಿತ್ತು; ಕಪ್ಪುವರ್ಣದ ಗಾಯಕಿ ಸ್ಪೇನಿನ ರಾಜಪರಿವಾರದ ಕನ್ಯೆಯಾಗುವುದೆಂದರೆ ಮಾತ್ರ ‘ರೂಪಸಾದೃಶ್ಯ’ದ ಪ್ರಶ್ನೆ ಧುತ್ತೆಂದು ಏಳುತ್ತಿತ್ತು. ಅಮೆರಿಕದ ಸೊಪ್ರಾನೊ ಲಿಯಂಟೀನ್ ಪ್ರೈಸ್ ಅವರ ವೃತ್ತಿಜೀವನವನ್ನು ಸಾಮಾನ್ಯವಾಗಿ ಅವರ ಕಂಠದ ವೈಭವಕ್ಕಾಗಿ ಸ್ಮರಿಸಲಾಗುತ್ತದೆ. ಆ ವೈಭವ ನಿರ್ವಿವಾದ. ಆದರೆ ಯಾವ ಪಾತ್ರದ ಮೂಲಕ ಯಾವ ಬಾಗಿಲನ್ನು ಪ್ರವೇಶಿಸಬೇಕು, ಯಾವುದನ್ನು ಯಾವಾಗ ನಿರಾಕರಿಸಬೇಕು ಎಂಬ ವಿವೇಕವೂ ಅಷ್ಟೇ ಅಧ್ಯಯನಯೋಗ್ಯವೆಂದು ಈ ಲೇಖಕನ ಭಾವನೆ. ಪ್ರಸ್ತುತ ಲೇಖನ ಮುಖ್ಯವಾಗಿ ಆ ವಿವೇಕವನ್ನು ಕುರಿತದ್ದು.

ಮೊದಲಿಗೆ ಸೊಪ್ರಾನೊ ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪಾಶ್ಚಾತ್ಯ ಪದ್ಧತಿಯಲ್ಲಿ ಸ್ತ್ರೀಕಂಠಗಳನ್ನು ಎತ್ತರಕ್ಕನುಗುಣವಾಗಿ ಸೊಪ್ರಾನೊ, ಮೆಟ್ಸೊ-ಸೊಪ್ರಾನೊ, ಕಾಂಟ್ರಾಲ್ಟೊ ಎಂದು ವಿಂಗಡಿಸುತ್ತಾರೆ. ಸೊಪ್ರಾನೊ ಇವುಗಳಲ್ಲಿ ಅತ್ಯಂತ ಎತ್ತರದ್ದು. ಪಿಯಾನೊದ ಮಧ್ಯದ ‘ಸಿ’ ಸ್ವರದಿಂದ, ಅಂದರೆ ಸುಮಾರು 262 ಹರ್ಟ್ಸ್‌ನಿಂದ, ಎರಡು ಸ್ಥಾಯಿ ಮೇಲಿನ ‘ಸಿ’ಯವರೆಗೆ, ಅಂದರೆ ಸುಮಾರು 1047 ಹರ್ಟ್ಸ್‌ವರೆಗೆ, ಅದರ ಸಂಚಾರ. ಇದರ ಎತ್ತರವನ್ನು ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೀಗೆ ಗ್ರಹಿಸಬಹುದು: 5 ಕಟ್ಟೆ ಶ್ರುತಿಯಲ್ಲಿ ಹಾಡುವ ಗಾಯಕಿಯ ತಾರಸ್ಥಾಯಿಯ ಪಂಚಮ 588 ಹರ್ಟ್ಸ್‌ನಷ್ಟಿರುತ್ತದೆ. ಸೊಪ್ರಾನೊ ಅದಕ್ಕಿಂತ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲೇರಬೇಕು. ಅದೂ ಧ್ವನಿವರ್ಧಕದ ನೆರವಿಲ್ಲದೆ, ಎಂಬತ್ತು ತೊಂಬತ್ತು ವಾದ್ಯಗಳ ಮೇಳವನ್ನು ಭೇದಿಸಿಕೊಂಡು, ಮೂರು ನಾಲ್ಕು ಸಾವಿರ ಆಸನಗಳ ಸಭಾಂಗಣದ ಕೊನೆಯ ಸಾಲಿಗೆ ತಲುಪುವಂತೆ. ಮೈಕು ಬರುವ ಮುನ್ನ ನಮ್ಮ ಕಂಪನಿ ನಾಟಕಗಳ ನಟರು ಏರುಶ್ರುತಿಯಲ್ಲಿ ಹಾಡುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ಅಗತ್ಯ ಸುಲಭವಾಗಿ ಅರ್ಥವಾದೀತು.

ಇದು ಬರಿಯ ಶ್ವಾಸಬಲದ ಸಾಧನೆಯಲ್ಲ. ಗಾಯಕಿ ಎತ್ತರದ ಸ್ವರಗಳಿಗೆ ಏರುವಾಗ ದವಡೆಯನ್ನು ಇಳಿಸಿ, ಬಾಯಿಯನ್ನು ತೆರೆದು, ಗಂಟಲು ಮತ್ತು ಬಾಯಿಯ ಪೊಳ್ಳಿನ ಸಹಜ ಅನುರಣನವನ್ನು ಹಾಡುತ್ತಿರುವ ಸ್ವರದ ಮಟ್ಟಕ್ಕೆ ಹೊಂದಿಸಿಕೊಳ್ಳುತ್ತಾಳೆ. ಆಗ ಹೆಚ್ಚಿನ ಶ್ರಮವಿಲ್ಲದೆ ನಾದ ಪುಷ್ಟವಾಗುತ್ತದೆ. ಅದರ ಬೆಲೆಯನ್ನು ತೆರುವುದು ಸಾಹಿತ್ಯ. ಆ ಎತ್ತರದಲ್ಲಿ ‘ಇ’ಕಾರ ‘ಉ’ಕಾರಗಳೆಲ್ಲ ಕರಗಿ ಒಂದೇ ಬಗೆಯ ‘ಆ’ಕಾರದಂತೆ ಕೇಳಿಸುತ್ತವೆ. ಸೊಪ್ರಾನೊ ಹಾಡುವ ಮಾತುಗಳು ತಿಳಿಯುವುದಿಲ್ಲವೆಂದು ದೂರುವವರು ಗಾಯಕಿಯನ್ನಲ್ಲ, ಭೌತಶಾಸ್ತ್ರವನ್ನು ದೂರಬೇಕಾಗುತ್ತದೆ.

ಸೊಪ್ರಾನೊಗಳಲ್ಲಿಯೂ ಒಳಭೇದಗಳಿವೆ. ಹಗುರವಾಗಿ, ಚುರುಕಾಗಿ ಸಂಚರಿಸುವ ಕಂಠ ಒಂದು ಬಗೆ. ವಾಗ್ನರನ ಕೃತಿಗಳಿಗೆ ಬೇಕಾದ ಭಾರವಾದ ಕಂಠ ಇನ್ನೊಂದು ತುದಿ. ಇವೆರಡರ ನಡುವೆ, ಲಾಲಿತ್ಯವನ್ನು ಬಿಡದೆಯೇ ಅಗತ್ಯ ಬಿದ್ದಾಗ ವಾದ್ಯಮೇಳದ ಮೇಲೆ ಎದ್ದುನಿಲ್ಲಬಲ್ಲ ಕಂಠವನ್ನು ‘ಸ್ಪಿಂಟೊ’ ಎಂದು ಕರೆಯುತ್ತಾರೆ. ವರ್ದಿಯ ಪ್ರೌಢ ಕೃತಿಗಳ ನಾಯಕಿಯರು ಬಹುಮಟ್ಟಿಗೆ ಈ ಕಂಠವನ್ನೇ ಬಯಸುತ್ತಾರೆ. ಪ್ರೈಸ್ ಅವರದು ಈ ವರ್ಗದ ಕಂಠ. ಕೆಳಗಿನ ಸ್ವರಗಳಲ್ಲಿ ಒಂದು ಬಗೆಯ ಹೊಗೆ ಕವಿದ ಗಾಂಭೀರ್ಯ, ಮೇಲೇರಿದಂತೆ ಹರಡಿಕೊಳ್ಳುವ ಕಾಂತಿ: ಅವರ ಧ್ವನಿಮುದ್ರಿಕೆಗಳನ್ನು ಕೇಳಿದವರು ಮರೆಯಲಾರದ ಲಕ್ಷಣವಿದು.

ಅವರು ಜನಿಸಿದ್ದು 10 ಫೆಬ್ರವರಿ 1927ರಂದು, ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ. ತಂದೆ ಮರದ ಕಾರ್ಖಾನೆಯ ಕೆಲಸಗಾರರು. ತಾಯಿ ಸೂಲಗಿತ್ತಿ, ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದವರು. ಮಗಳಿಗೆ ಪಿಯಾನೊ ಕೊಡಿಸಲು ಈ ದಂಪತಿಗಳು ಮನೆಯ ಗ್ರಾಮಫೋನನ್ನೇ ಮುಂಗಡವಾಗಿ ಒಪ್ಪಿಸಿದರು. ಶಾಲೆ, ಬಸ್ಸು, ಆಸ್ಪತ್ರೆ, ಭೋಜನಾಲಯಗಳೆಲ್ಲವೂ ವರ್ಣದ ಆಧಾರದ ಮೇಲೆ ಕಾನೂನಿನಿಂದಲೇ ವಿಭಜಿತವಾಗಿದ್ದ ಪ್ರದೇಶವದು. ಅದೇ ಊರಿನ ಚಿಸಮ್ ಎಂಬ ಶ್ರೀಮಂತ ಬಿಳಿಯ ಕುಟುಂಬದ ಮನೆಯಲ್ಲಿ ಅವರ ಬಂಧುವೊಬ್ಬರು ಕೆಲಸಕ್ಕಿದ್ದರು; ಆ ಮನೆಯ ಎಲಿಜಬೆತ್ ಚಿಸಮ್ ಈ ಹುಡುಗಿಯ ಪ್ರತಿಭೆಯನ್ನು ಗುರುತಿಸಿ ಮುಂದೆ ಅವರ ವ್ಯಾಸಂಗಕ್ಕೆ ನೆರವಾದರು. ಈ ಆಶ್ರಯದ ಕಥೆಯನ್ನು ಪತ್ರಿಕೆಗಳು ಬಹಳ ಪ್ರೀತಿಯಿಂದ ಹೇಳಿವೆ. ಗ್ರಾಮಫೋನಿನ ಕಥೆಗೆ ಅಷ್ಟು ಪ್ರಾಶಸ್ತ್ಯ ಸಿಕ್ಕಿಲ್ಲವೆಂಬುದು ನನಗೆ ಸರಿಯೆನಿಸುವುದಿಲ್ಲ.

ಬಾಲ್ಯದಲ್ಲಿ ಅವರು ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಮರಿಯನ್ ಆಂಡರ್ಸನ್ ಅವರ ಗಾಯನವನ್ನು ಕೇಳಿದರು. ಈ ಹೆಸರು ನಮ್ಮ ಕಥನದಲ್ಲಿ ಮತ್ತೆ ಬರಲಿರುವುದರಿಂದ ಇಲ್ಲಿ ಎರಡು ಮಾತು ಅಗತ್ಯ. ಕಾಂಟ್ರಾಲ್ಟೊ ಗಾಯಕಿಯಾದ ಆಂಡರ್ಸನ್ ಯುರೋಪಿನಲ್ಲಿ ಅಪಾರ ಕೀರ್ತಿ ಪಡೆದಿದ್ದರೂ, ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್ ಅವರಿಗೆ ವರ್ಣದ ಕಾರಣದಿಂದ ವೇದಿಕೆಯನ್ನು ನಿರಾಕರಿಸಿತು; 9 ಏಪ್ರಿಲ್ 1939ರಂದು ಅವರು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು 75,000 ಜನರೆದುರು ಹಾಡಿದರು. 1957ರಲ್ಲಿ ಏಷ್ಯಾದ ಪ್ರವಾಸ ಕೈಗೊಂಡಾಗ ಭಾರತಕ್ಕೂ ಬಂದು ಹಾಡಿದವರು ಇವರೇ.

ಪ್ರೈಸ್ ಓಹಾಯೊದ ವಿಲ್ಬರ್‌ಫೋರ್ಸ್‌ನಲ್ಲಿ ಶಾಲಾ ಸಂಗೀತ ಶಿಕ್ಷಕಿಯಾಗುವ ಉದ್ದೇಶದಿಂದಲೇ ಓದಿದರು. ಕಪ್ಪುವರ್ಣದ ಯುವತಿಗೆ ಆ ಕಾಲದಲ್ಲಿ ಸಂಗೀತದಿಂದ ನಿಶ್ಚಿತವಾಗಿ ದೊರೆಯಬಹುದಾದ ಜೀವನೋಪಾಯ ಅದೊಂದೇ. ಕಂಠದ ಗುಣವನ್ನು ಕಂಡ ಶಿಕ್ಷಕರು ಅವರನ್ನು ನ್ಯೂಯಾರ್ಕಿನ ಜೂಲಿಯರ್ಡ್ ಸಂಗೀತ ಶಾಲೆಯತ್ತ ತಿರುಗಿಸಿದರು. ಅದರ ವೆಚ್ಚಕ್ಕಾಗಿ 1948ರಲ್ಲಿ ನಡೆದ ಸಹಾಯಾರ್ಥ ಕಚೇರಿಯಲ್ಲಿ ಪ್ರಸಿದ್ಧ ಗಾಯಕ ಪಾಲ್ ರಾಬ್ಸನ್ ಹಾಡಿದರು. ಜೂಲಿಯರ್ಡ್‌ನಲ್ಲಿ ಗುರುವಾಗಿ ದೊರೆತವರು ಫ್ಲಾರೆನ್ಸ್ ಪೇಜ್ ಕಿಂಬಲ್. ಪ್ರೈಸ್ ಅವರಿಗೆ ಆಕೆ ಅನಂತರವೂ ದೀರ್ಘಕಾಲ ಮಾರ್ಗದರ್ಶಿಯಾಗಿ ಉಳಿದರು.

1952ರಲ್ಲಿ ಗರ್ಶ್ವಿನ್ ಅವರ ‘ಪೋರ್ಗಿ ಅಂಡ್ ಬೆಸ್’ ಕೃತಿಯ ಹೊಸ ಪ್ರಯೋಗದಲ್ಲಿ ಪ್ರೈಸ್ ನಾಯಕಿ ಬೆಸ್ ಆದರು. ಆ ತಂಡ ವಿಯೆನ್ನಾ, ಬರ್ಲಿನ್, ಲಂಡನ್, ಪ್ಯಾರಿಸ್ ನಗರಗಳಲ್ಲಿ ಸಂಚರಿಸಿತು. ನಾಯಕನ ಪಾತ್ರ ವಹಿಸಿದ್ದ ವಿಲಿಯಂ ವಾರ್‌ಫೀಲ್ಡ್ ಅವರನ್ನು ಅದೇ ವರ್ಷ ಅವರು ವಿವಾಹವಾದರು. ಈ ದಾಂಪತ್ಯ ಮುಂದೆ ಬಾಳಲಿಲ್ಲ. ಕಪ್ಪುವರ್ಣೀಯ ಕಲಾವಿದರೇ ಹಾಡಬೇಕೆಂಬ ನಿಬಂಧನೆ ಇದ್ದ ಈ ಕೃತಿ ನೂರಾರು ಗಾಯಕರಿಗೆ ಅನ್ನ ನೀಡಿದೆ. ಅದೇ ವೇಳೆಗೆ ಅದೊಂದು ಬೇಲಿಯೂ ಆಯಿತು: ‘ನಿಮಗಾಗಿ ಒಂದು ಒಪೆರಾ ಇದೆಯಲ್ಲ’ ಎಂದು ಹೇಳಿ ಮಿಕ್ಕ ನೂರು ಒಪೆರಾಗಳ ಬಾಗಿಲು ಮುಚ್ಚುವುದು ಸುಲಭವಾಯಿತು. ಪ್ರೈಸ್ ಆ ಬೇಲಿಯೊಳಗೆ ನಿಲ್ಲಲಿಲ್ಲ. ಸಂಚಾರದ ಅವಧಿಯಲ್ಲಿಯೇ, 30 ಅಕ್ಟೋಬರ್ 1953ರಂದು, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸ್ಯಾಮ್ಯುಯೆಲ್ ಬಾರ್ಬರ್ ಅವರ ‘ಹರ್ಮಿಟ್ ಸಾಂಗ್ಸ್’ ಗೀತಗುಚ್ಛವನ್ನು ಮೊದಲ ಬಾರಿಗೆ ಹಾಡಿದರು. ಪಿಯಾನೊ ನುಡಿಸಿದವರು ಸ್ವತಃ ಬಾರ್ಬರ್.

ಇನ್ನು 1955ರ ಜನವರಿ ತಿಂಗಳು. ಅಮೆರಿಕದ ಒಪೆರಾ ಇತಿಹಾಸದಲ್ಲಿ ಇಷ್ಟು ಅರ್ಥಗರ್ಭಿತವಾದ ತಿಂಗಳು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಶಾಲೆಗಳಲ್ಲಿ ವರ್ಣವಿಭಜನೆ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು ಆಗ ಎಂಟು ತಿಂಗಳೂ ತುಂಬಿರಲಿಲ್ಲ. 7ರಂದು ಮರಿಯನ್ ಆಂಡರ್ಸನ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ರಂಗವನ್ನೇರಿದರು. 1883ರಲ್ಲಿ ಬಾಗಿಲು ತೆರೆದ ಆ ಸಂಸ್ಥೆಯಲ್ಲಿ ಕಪ್ಪುವರ್ಣೀಯರೊಬ್ಬರು ಮುಖ್ಯ ಪಾತ್ರದಲ್ಲಿ ಹಾಡಲು 72 ವರ್ಷ ಬೇಕಾಯಿತು. ಅವರಿಗೆ ಆಗ 57 ವರ್ಷ. ಕಂಠದ ಉಚ್ಛ್ರಾಯ ಕಾಲ ಕಳೆದಿತ್ತು. 27ರಂದು ಬ್ಯಾರಿಟೋನ್ ರಾಬರ್ಟ್ ಮೆಕ್‌ಫೆರಿನ್ ಅದೇ ರಂಗಕ್ಕೆ ಬಂದರು. ಪಾತ್ರಗಳನ್ನು ಗಮನಿಸಬೇಕು. ಆಂಡರ್ಸನ್ ಅವರಿಗೆ ದೊರೆತದ್ದು ವರ್ದಿಯ ‘ಉನ್ ಬಾಲ್ಲೊ ಇನ್ ಮಾಸ್ಕೆರಾ’ ಕೃತಿಯ ಮಾಟಗಾತಿ ಉಲ್ರಿಕಾ. ಮೆಕ್‌ಫೆರಿನ್ ಅವರಿಗೆ ‘ಐದಾ’ದ ಇಥಿಯೋಪಿಯದ ದೊರೆ ಅಮೊನಾಸ್ರೊ. ಬಾಗಿಲು ತೆರೆದಿತ್ತು, ಆದರೆ ಮಾಟಗಾತಿಗೆ ಮತ್ತು ಸೆರೆಯಾಳಿಗೆ.

ಇವೆರಡರ ನಡುವೆ, ಅದೇ ತಿಂಗಳಲ್ಲಿ, ಎನ್‌ಬಿಸಿ ದೂರದರ್ಶನ ಸಂಸ್ಥೆ ಪುಚ್ಚೀನಿಯ ‘ತೋಸ್ಕಾ’ವನ್ನು ಪ್ರಸಾರ ಮಾಡಿತು. ರೋಮ್ ನಗರದ ಗಾಯಕಿ ತೋಸ್ಕಾಳ ಪಾತ್ರ ಪ್ರೈಸ್ ಅವರದು. ನಾಯಕಿಯ ಪ್ರಿಯಕರನಾಗಿ ಬಿಳಿಯ ಗಾಯಕನಿದ್ದುದರಿಂದ ದಕ್ಷಿಣದ ಹಲವು ಪ್ರಸಾರ ಕೇಂದ್ರಗಳು ಕಾರ್ಯಕ್ರಮವನ್ನು ಬಿತ್ತರಿಸಲು ನಿರಾಕರಿಸಿದವು. ಆದರೂ ರಂಗಮಂದಿರಗಳು ಇನ್ನೂ ಹಿಂಜರಿಯುತ್ತಿದ್ದ ಹೆಜ್ಜೆಯನ್ನು ದೂರದರ್ಶನದ ಪರದೆ ಇಟ್ಟಿತ್ತು. ಮಾಟಗಾತಿಯೂ ಅಲ್ಲದ, ದಾಸಿಯೂ ಅಲ್ಲದ, ಪ್ರೇಮಿಸುವ ಮತ್ತು ಈರ್ಷ್ಯೆಪಡುವ ಒಬ್ಬ ಇಟಾಲಿಯನ್ ಕಲಾವಿದೆಯನ್ನು ಕಪ್ಪುವರ್ಣದ ಗಾಯಕಿಯಲ್ಲಿ ಪ್ರೇಕ್ಷಕರು ಮನೆಯಲ್ಲಿ ಕುಳಿತು ಕಂಡರು. ಅದೇ ವರ್ಷ ನಿರ್ವಾಹಕ ಹರ್ಬರ್ಟ್ ಫಾನ್ ಕಾರಾಯಾನ್ ನ್ಯೂಯಾರ್ಕಿನಲ್ಲಿ ಪ್ರೈಸ್ ಅವರ ಗಾಯನವನ್ನು ಪರೀಕ್ಷಿಸಿ ಕೇಳಿದರು.

ಒಪೆರಾ ಮಂದಿರದೊಳಗಿನ ಮೊದಲ ಮಹತ್ವದ ಅವಕಾಶ 1957ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊರೆಯಿತು. ಪೂಲಾಂಕ್ ಅವರ ‘ಡಯಲಾಗ್ಸ್ ಆಫ್ ದಿ ಕಾರ್ಮಲೈಟ್ಸ್’ ಕೃತಿಯ ಅಮೆರಿಕದ ಪ್ರಥಮ ಪ್ರಯೋಗದಲ್ಲಿ ಅವರು ಫ್ರೆಂಚ್ ಸನ್ಯಾಸಿನಿಯರ ಮಠದ ಮುಖ್ಯಸ್ಥೆಯಾದರು. ಅದೇ ಋತುವಿನಲ್ಲಿ ‘ಐದಾ’ ಹಾಡಬೇಕಿದ್ದ ಆಂಟೊನಿಯೆಟ್ಟಾ ಸ್ಟೆಲ್ಲಾ ಅನಾರೋಗ್ಯಕ್ಕೀಡಾದಾಗ ಆ ಪಾತ್ರವೂ ಪ್ರೈಸ್ ಅವರಿಗೆ ಬಂದಿತು. ಮುಂದೆ ಅವರ ಹೆಸರಿನೊಂದಿಗೆ ಅಭಿನ್ನವಾಗಿ ಬೆಸೆದುಕೊಂಡ ಪಾತ್ರ ಅವರಿಗೆ ರಂಗದ ಮೇಲೆ ಮೊದಲು ದೊರೆತದ್ದು ಬದಲಿ ಗಾಯಕಿಯಾಗಿ.

1958ರ ಮೇ ತಿಂಗಳಲ್ಲಿ ಕಾರಾಯಾನ್ ಅವರ ಆಹ್ವಾನದ ಮೇರೆಗೆ ವಿಯೆನ್ನಾದಲ್ಲಿ ‘ಐದಾ’, ಜುಲೈನಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ‘ಐದಾ’, 1960ರ ಮೇ ತಿಂಗಳಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಮತ್ತೆ ‘ಐದಾ’. ಯುರೋಪಿನ ಮೂರು ಮಹಾಮಂದಿರಗಳನ್ನು ಅವರು ಈ ಒಂದೇ ಪಾತ್ರದಿಂದ ಪ್ರವೇಶಿಸಿದರು. ಹೀಗಿರುವಾಗ ಮೆಟ್ರೊಪಾಲಿಟನ್ ಒಪೆರಾದ ಮುಖ್ಯಸ್ಥ ರುಡಾಲ್ಫ್ ಬಿಂಗ್ ಅವರಿಗೆ ಅದೇ ಪಾತ್ರವನ್ನು ನೀಡಲು ಮುಂದಾದುದು ಸಹಜವೇ. ಪ್ರೈಸ್ ಅದನ್ನು ಒಪ್ಪಲಿಲ್ಲ. ‘ತೋಸ್ಕಾ’ ಪ್ರಸಾರದ ಹಿಂದಿದ್ದ ಎನ್‌ಬಿಸಿಯ ಸಂಗೀತ ನಿರ್ದೇಶಕ ಪೀಟರ್ ಹರ್ಮನ್ ಆಡ್ಲರ್ ಅವರ ಸಲಹೆ ಇದರ ಹಿಂದಿತ್ತು: ಆಕೆ ಆ ಮಂದಿರಕ್ಕೆ ಮೊದಲು ಕಾಲಿಡುವುದಾದರೆ ಕುಲೀನ ಸ್ತ್ರೀಯಾಗಿ ಇಡಬೇಕು, ದಾಸಿಯಾಗಿ ಅಲ್ಲ ಎಂಬುದು ಅದರ ತಾತ್ಪರ್ಯ.

ಈ ನಿರಾಕರಣೆಯ ಸೂಕ್ಷ್ಮವನ್ನು ಗ್ರಹಿಸಬೇಕು. ವಿಯೆನ್ನಾದಲ್ಲಿ ಐದಾಳಾಗಿ ಬರುವುದಕ್ಕೂ ನ್ಯೂಯಾರ್ಕಿನಲ್ಲಿ ಐದಾಳಾಗಿ ಬರುವುದಕ್ಕೂ ಅಂತರವಿದೆ. ವಿಯೆನ್ನಾದ ಪ್ರೇಕ್ಷಕನಿಗೆ ಇಥಿಯೋಪಿಯದ ದಾಸಿ ಒಂದು ಕಥಾಪಾತ್ರ. ಅಮೆರಿಕದ ಪ್ರೇಕ್ಷಕನ ಅಜ್ಜನ ಕಾಲದಲ್ಲಿ ದಾಸ್ಯ ಕಾನೂನುಬದ್ಧವಾಗಿತ್ತು. ಅವನ ಕಣ್ಣೆದುರಿನ ಗಾಯಕಿ ಮಿಸಿಸಿಪಿಯವಳು. ಅಲ್ಲಿ ಪಾತ್ರ ಮತ್ತು ಪಾತ್ರಧಾರಿಯ ನಡುವಿನ ತೆರೆ ಬಹಳ ತೆಳು. ಕಲೆಯ ದೃಷ್ಟಿಯಿಂದ ಐದಾ ಕೀಳು ಪಾತ್ರವಲ್ಲ. ಅವಳು ಸೆರೆಸಿಕ್ಕ ರಾಜಕುಮಾರಿ, ವರ್ದಿಯ ಅತ್ಯಂತ ಘನವಾದ ನಾಯಕಿಯರಲ್ಲಿ ಒಬ್ಬಳು. ಪ್ರೈಸ್ ಆ ಪಾತ್ರವನ್ನು ತಿರಸ್ಕರಿಸಲಿಲ್ಲ. ಅದನ್ನು ತಮ್ಮ ಗುರುತಿನ ಚೀಟಿಯಾಗಿ ತೋರಿಸಲು ಮಾತ್ರ ಒಪ್ಪಲಿಲ್ಲ. ಮೂವತ್ತು ವರ್ಷ ದಾಟಿದ ಗಾಯಕಿ ದೇಶದ ಅತಿ ದೊಡ್ಡ ಒಪೆರಾ ಸಂಸ್ಥೆಯ ಕರೆಯನ್ನು ನಿರಾಕರಿಸುವುದೆಂದರೆ ಕಂಠದ ಅಮೂಲ್ಯ ವರ್ಷಗಳನ್ನು ಪಣಕ್ಕಿಡುವುದೇ ಸರಿ. ಕರೆ ಮತ್ತೆ ಬರುವ ಖಾತರಿಯೇನೂ ಇರಲಿಲ್ಲ.

ಮತ್ತೆ ಕರೆ ಬಂದಿತು. 27 ಜನವರಿ 1961ರಂದು, ಅಂದರೆ ಮೆಕ್‌ಫೆರಿನ್ ಬಂದು ಸರಿಯಾಗಿ ಆರು ವರ್ಷಗಳಾದ ದಿನ, ಪ್ರೈಸ್ ವರ್ದಿಯ ‘ಇಲ್ ತ್ರೊವತೋರೆ’ಯ ಲಿಯೊನೋರಾ ಆಗಿ ಮೆಟ್ರೊಪಾಲಿಟನ್ ರಂಗಕ್ಕೆ ಬಂದರು. ಲಿಯೊನೋರಾ ಅರಗಾನ್ ರಾಜಕುಮಾರಿಯ ಪರಿವಾರದ ಕುಲೀನ ಕನ್ಯೆ. ಜೊತೆಗಿದ್ದ ಟೆನರ್ ಗಾಯಕ ಫ್ರಾಂಕೊ ಕೊರೆಲ್ಲಿ ಅವರಿಗೂ ಅಂದು ಅಲ್ಲಿ ಮೊದಲ ದಿನ. ಕೊನೆಯಲ್ಲಿ ಕರತಾಡನ ನಲವತ್ತು ನಿಮಿಷ ನಡೆಯಿತೆಂದು ವರದಿಗಳು ಹೇಳುತ್ತವೆ. ಗಡಿಯಾರ ಹಿಡಿದು ಕುಳಿತವರ ನಿಖರತೆಯನ್ನು ಪ್ರಶ್ನಿಸಬಹುದಾದರೂ, ಆ ಸಂಜೆಯ ಸ್ವರೂಪವನ್ನು ಪ್ರಶ್ನಿಸುವಂತಿಲ್ಲ. ಅದೇ ಋತುವಿನಲ್ಲಿ ಅವರು ಅಲ್ಲಿ ಐದು ಪಾತ್ರಗಳನ್ನು ಹಾಡಿದರು: ಲಿಯೊನೋರಾ, ಐದಾ, ಜಪಾನಿನ ಬಟರ್‌ಫ್ಲೈ, ಮೊಜಾರ್ಟನ ‘ಡಾನ್ ಜೊವಾನ್ನಿ’ಯ ಡೊನ್ನಾ ಆನ್ನಾ, ‘ತುರಾಂದೋತ್’ನ ಲಿಯೂ. ಸ್ಪೇನ್, ಇಥಿಯೋಪಿಯ, ಜಪಾನ್, ಚೀನಾ. ಬಿಳಿಯ ಗಾಯಕಿಯರಿಗೆ ಎಂದಿನಿಂದಲೂ ಇದ್ದ ಸಂಚಾರಸ್ವಾತಂತ್ರ್ಯ ಈಗ ಅವರದೂ ಆಗಿತ್ತು. ಐದಾ ಈ ಐವರಲ್ಲಿ ಒಬ್ಬಳಾಗಿ ಬಂದಳು.

ಯಶಸ್ಸು ತನ್ನದೇ ಆದ ಅಪಾಯವನ್ನು ತರುತ್ತದೆ. 1961ರ ಶರತ್ಕಾಲದ ಋತುವನ್ನು ಪ್ರೈಸ್ ಅವರಿಂದಲೇ ಆರಂಭಿಸಲು ಸಂಸ್ಥೆ ತೀರ್ಮಾನಿಸಿತು. ಆರಂಭೋತ್ಸವದ ನಾಯಕಿಯಾಗುವ ಗೌರವ ಕಪ್ಪುವರ್ಣೀಯ ಕಲಾವಿದರಿಗೆ ಅದುವರೆಗೆ ದೊರೆತಿರಲಿಲ್ಲ. ವಾದ್ಯಗಾರರ ವೇತನ ವಿವಾದದಿಂದ ಋತುವೇ ರದ್ದಾಗುವ ಸ್ಥಿತಿ ಬಂದಾಗ ಅಧ್ಯಕ್ಷ ಕೆನಡಿಯವರ ಕಾರ್ಮಿಕ ಮಂತ್ರಿ ಆರ್ಥರ್ ಗೋಲ್ಡ್‌ಬರ್ಗ್ ಮಧ್ಯಸ್ಥಿಕೆ ವಹಿಸಿದರು. 23 ಅಕ್ಟೋಬರ್‌ನಂದು ಪುಚ್ಚೀನಿಯ ‘ಲಾ ಫಾಂಚುಲ್ಲಾ ದೆಲ್ ವೆಸ್ಟ್’ ನಡೆಯಿತು. ಕ್ಯಾಲಿಫೋರ್ನಿಯದ ಚಿನ್ನದ ಗಣಿಗಾರರ ನಡುವೆ ಹೆಂಡದಂಗಡಿ ನಡೆಸುವ ಹುಡುಗಿ ಮಿನ್ನಿಯ ಪಾತ್ರ. ದಟ್ಟವಾದ ವಾದ್ಯಮೇಳದ ವಿರುದ್ಧ ಮಧ್ಯಸ್ಥಾಯಿಯಲ್ಲಿ ಎತ್ತಿ ಹಾಡಬೇಕಾದ ಈ ಪಾತ್ರ ಅವರ ಕಂಠಕ್ಕೆ ಭಾರವಾಯಿತು. ಮುಂದಿನ ಪ್ರಯೋಗವೊಂದರ ಎರಡನೆಯ ಅಂಕದಲ್ಲಿ ಧ್ವನಿ ಕ್ರಮೇಣ ಉಡುಗಿಹೋಯಿತು. ಅವರು ಮಾತುಗಳನ್ನು ಬರಿದೆ ಉಚ್ಚರಿಸುತ್ತ ಅಂಕವನ್ನು ಮುಗಿಸಿದರು. ಮೂರನೆಯ ಅಂಕವನ್ನು ಡೊರೊತಿ ಕರ್ಸ್ಟನ್ ಹಾಡಿದರು. ಪ್ರೈಸ್ ಅನಂತರ ಕೆಲವು ವಾರ ವಿಶ್ರಾಂತಿ ಪಡೆದು ಮರಳಿದರು. ಮಿನ್ನಿಯ ಪಾತ್ರವನ್ನು ಬಿಟ್ಟುಬಿಟ್ಟರು.

ಈ ಘಟನೆ ಅವರ ಮುಂದಿನ ನಡೆಯನ್ನು ವಿವರಿಸುತ್ತದೆ. ಕಂಠ ಮೂಲಧನವಿದ್ದಂತೆ, ಅದರ ಬಡ್ಡಿಯಿಂದ ಜೀವಿಸುವ ಗಾಯಕಿ ದೀರ್ಘಕಾಲ ಹಾಡುತ್ತಾಳೆ, ಮೂಲಕ್ಕೇ ಕೈಹಾಕುವವಳು ಹತ್ತು ವರ್ಷಗಳಲ್ಲಿ ಬರಿಗೈಯಾಗುತ್ತಾಳೆ. ಬಿಸೇ ಅವರ ‘ಕಾರ್ಮೆನ್’ ಅನ್ನು ಪ್ರೈಸ್ 1963ರಲ್ಲಿ ಕಾರಾಯಾನ್ ನಿರ್ದೇಶನದಲ್ಲಿ ಧ್ವನಿಮುದ್ರಣಕ್ಕಾಗಿ ಹಾಡಿದರು, ರಂಗದ ಮೇಲೆ ಎಂದೂ ಹಾಡಲಿಲ್ಲ. ಸ್ಟುಡಿಯೊದಲ್ಲಿ ಮೈಕಿನ ಮುಂದೆ ಸಾಧ್ಯವಾದುದೆಲ್ಲ ರಂಗದ ಮೇಲೆ ಸಾಧುವಲ್ಲವೆಂಬ ಅರಿವು ಅವರಿಗಿತ್ತು.

ವರ್ಣದ ಗಡಿ ನ್ಯೂಯಾರ್ಕಿನಲ್ಲಿ ಮಸುಕಾದ ಮೇಲೂ ಸಂಚಾರಗಳಲ್ಲಿ ಉಳಿದಿತ್ತು. ಮೆಟ್ರೊಪಾಲಿಟನ್ ತಂಡ ಪ್ರತಿ ವಸಂತದಲ್ಲಿ ದೇಶಾದ್ಯಂತ ಪ್ರವಾಸ ಮಾಡುತ್ತಿತ್ತು. ದಕ್ಷಿಣದ ನಗರಗಳೂ ಅದರಲ್ಲಿ ಸೇರಿದ್ದವು. 1964ರಲ್ಲಿ ಅಟ್ಲಾಂಟಾದಲ್ಲಿ ಪ್ರೈಸ್ ಡೊನ್ನಾ ಆನ್ನಾ ಆಗಿ ಹಾಡಿದರು. ಅದೇ ವರ್ಷ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ದೊರೆಯಿತು.

16 ಸೆಪ್ಟೆಂಬರ್ 1966ರಂದು ಲಿಂಕನ್ ಸೆಂಟರ್‌ನಲ್ಲಿ ಸುಮಾರು 3,800 ಆಸನಗಳ ಹೊಸ ಮೆಟ್ರೊಪಾಲಿಟನ್ ಮಂದಿರ ಉದ್ಘಾಟನೆಯಾಯಿತು. ಬಾರ್ಬರ್ ಅವರು ಪ್ರೈಸ್ ಅವರ ಕಂಠವನ್ನೇ ಮನದಲ್ಲಿರಿಸಿಕೊಂಡು ರಚಿಸಿದ ‘ಆಂಟೊನಿ ಅಂಡ್ ಕ್ಲಿಯೋಪಾತ್ರ’ ಉದ್ಘಾಟನೆಯ ಕೃತಿ. ರಂಗನಿರ್ದೇಶನ ಫ್ರಾಂಕೊ ಝೆಫಿರೆಲ್ಲಿಯವರದು. ಹೊಸ ಮಂದಿರದ ಯಂತ್ರಗಳನ್ನೆಲ್ಲ ಪ್ರದರ್ಶಿಸುವ ಉತ್ಸಾಹದಲ್ಲಿ ಸಂಗೀತ ಹಿಂದೆ ಬಿದ್ದಿತು. ಅಭ್ಯಾಸದ ವೇಳೆ ತಿರುಗುರಂಗ ಕೆಟ್ಟುನಿಂತು ಪ್ರೈಸ್ ಪಿರಮಿಡ್ಡಿನೊಳಗೇ ಸಿಕ್ಕಿಕೊಂಡ ಪ್ರಸಂಗವನ್ನು ನಗೆಯ ಕಥೆಯಾಗಿ ಹೇಳುತ್ತಾರೆ. ಹೊತ್ತ ಉಡುಗೆಯ ಭಾರದೊಡನೆ ಕತ್ತಲೆಯಲ್ಲಿ ನಿಂತಿದ್ದವರಿಗೆ ಅದು ನಗೆಯಾಗಿರಲಾರದು. ವಿಮರ್ಶಕರು ಕೃತಿಯನ್ನು ಕಟುವಾಗಿ ಖಂಡಿಸಿದರು; ಬಾರ್ಬರ್ ಆ ಆಘಾತದಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲವೆಂದೇ ಹೇಳಬೇಕು. ಕ್ಲಿಯೋಪಾತ್ರಳ ಗಾನಭಾಗಗಳನ್ನು ಅವರು ಕಚೇರಿಗೆ ಹೊಂದುವಂತೆ ಮರುರೂಪಿಸಿಕೊಟ್ಟರು. ಪ್ರೈಸ್ ಅವನ್ನು ಹಾಡುತ್ತ ಹೋದರು. ಸೋತ ಒಪೆರಾದಲ್ಲಿ ಸೋಲದ ಸಂಗೀತವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

1960ರ ದಶಕದ ಕೊನೆಯಿಂದ ಪ್ರೈಸ್ ಒಪೆರಾ ಪ್ರಯೋಗಗಳನ್ನು ಕಡಿಮೆ ಮಾಡಿ, ಪಿಯಾನೊ ಸಹಕಾರದ ಏಕವ್ಯಕ್ತಿ ಕಚೇರಿಗಳತ್ತ ಹೆಚ್ಚು ಗಮನಕೊಟ್ಟರು. ಜರ್ಮನ್ ಮತ್ತು ಫ್ರೆಂಚ್ ಗೀತೆಗಳು, ಅಮೆರಿಕದ ಸಮಕಾಲೀನ ರಚನೆಗಳು, ಒಪೆರಾದ ಏಕಗಾನಗಳು, ಕೊನೆಗೆ ತಮ್ಮ ಜನರ ಭಕ್ತಿಗೀತೆಗಳಾದ ಸ್ಪಿರಿಚುಯಲ್‌ಗಳು: ಅವರ ಕಚೇರಿಗಳಲ್ಲಿ ಇವೆಲ್ಲಕ್ಕೂ ಸ್ಥಾನವಿತ್ತು. ಹೊಸ ಪಾತ್ರಗಳು ವಿರಳವಾದವು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಡಿದ ಸ್ಟ್ರಾಸ್‌ನ ‘ಆರಿಯಾಡ್ನೆ’ ಅವುಗಳಲ್ಲಿ ಒಂದು.

3 ಜನವರಿ 1985ರಂದು ಅವರು ಒಪೆರಾ ರಂಗಕ್ಕೆ ವಿದಾಯ ಹೇಳಿದರು. ಮೆಟ್ರೊಪಾಲಿಟನ್ ಮಂದಿರ, ದೇಶಾದ್ಯಂತ ದೂರದರ್ಶನದ ನೇರ ಪ್ರಸಾರ. ಆರಿಸಿಕೊಂಡ ಪಾತ್ರ ಐದಾ. ಪ್ರವೇಶಕ್ಕೆ ಬೇಡವೆಂದ ಪಾತ್ರವನ್ನೇ ನಿರ್ಗಮನಕ್ಕೆ ಉಳಿಸಿಕೊಂಡಿದ್ದರು. ಈ ಪಾತ್ರದಲ್ಲಿ ತಮ್ಮ ಚರ್ಮವೇ ತಮಗೆ ವೇಷವೆಂದು ಅವರು ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಈ ಮಾತನ್ನು 1961ಕ್ಕೆ ಮುನ್ನ ಬೇರೆ ಯಾರಾದರೂ ಅವರ ಬಗ್ಗೆ ಆಡಿದ್ದರೆ ಅದು ಬೇಲಿಯಾಗುತ್ತಿತ್ತು. ಐದು ವರ್ಷಗಳ ಬಳಿಕ, 1990ರಲ್ಲಿ, ಐದಾಳ ಕಥೆಯನ್ನು ಅವರು ಮಕ್ಕಳಿಗಾಗಿ ಪುಸ್ತಕವಾಗಿಯೂ ಹೇಳಿದರು.

ಆ ಸಂಜೆಯ ಮೂರನೆಯ ಅಂಕದಲ್ಲಿ ನೈಲ್ ನದಿಯ ದಡದಲ್ಲಿ ನಿಂತು ತಾಯ್ನಾಡನ್ನು ಇನ್ನೆಂದೂ ಕಾಣಲಾರೆನೆಂದು ಐದಾ ಹಾಡುವ ಏಕಗಾನವಿದೆ. ಅದರ ಕೊನೆಯ ಭಾಗದಲ್ಲಿ ಸ್ವರ ಮೆಲ್ಲನೆ ಎತ್ತರದ ‘ಸಿ’ಗೆ ಏರಬೇಕು, ಯುವ ಗಾಯಕಿಯರೂ ಅಂಜುವ ಸ್ಥಳವದು. ಪ್ರೈಸ್ ಅದನ್ನು ಏರಿ ಇಳಿದು ನಿಂತಾಗ ಪ್ರೇಕ್ಷಕರು ನಾಟಕವನ್ನು ಕೆಲವು ನಿಮಿಷ ಮುಂದೆ ಸಾಗಗೊಡಲಿಲ್ಲ. ಅವರು ಪಾತ್ರವನ್ನು ಬಿಟ್ಟು ತಲೆಬಾಗಲಿಲ್ಲ. ಕಣ್ಣು ತುಂಬಿದ್ದರೂ ಐದಾಳಾಗಿಯೇ ನಿಂತಿದ್ದರು. ಅವರಿಗೆ ಅಂದು 57 ವರ್ಷ. ಮರಿಯನ್ ಆಂಡರ್ಸನ್ ಅದೇ ಸಂಸ್ಥೆಯ ರಂಗವನ್ನು ಮೊದಲ ಬಾರಿಗೆ ಏರಿದಾಗ ಅವರಿಗಿದ್ದುದೂ ಇಷ್ಟೇ ವಯಸ್ಸು.